ಎರಡು ದಿನದ ಡೇಟಾ ಲಿಂಕ್ ಕೋರ್ಸ್: ಶನಿವಾರ ಸೂಪರ್, ಭಾನುವಾರ ಬೋರ್

ಇಂದಿರಾನಗರದ ಒಂದು ಟ್ರೈನಿಂಗ್ ಸಂಸ್ಥೆಯ ವೀಕೆಂಡ್ ಕೋರ್ಸ್‌ಗೆ ಹೋಗಿ ಬಂದೆ. ವಿಷಯ ಮಿಲಿಟರಿ ಡೇಟಾ ಲಿಂಕ್, ಅಂದರೆ ಯುದ್ಧವಿಮಾನ, ಹಡಗು, ರೇಡಾರ್‌ಗಳು ತಾವು ಕಂಡಿದ್ದನ್ನು ರೇಡಿಯೋದಲ್ಲಿ ಒಬ್ಬರಿಗೊಬ್ಬರು ಕಳಿಸುವ ನೆಟ್‌ವರ್ಕ್. ಬೈಯೋದೂ ಇದೆ, ಅದಕ್ಕೆ ಹೆಸರು ಹಾಕುವುದಿಲ್ಲ. ಫೀಸು 7,000, ಜಿಎಸ್‌ಟಿ ಬೇರೆ.

ನಾನು ಮೊಬೈಲ್ ನೆಟ್‌ವರ್ಕ್ ಸಾಫ್ಟ್‌ವೇರ್ ಬರೆಯುವವನು. 2017ರಲ್ಲಿ ಯಲಹಂಕದ ಏರ್ ಶೋನಲ್ಲಿ ನೇತ್ರ ಅನ್ನೋ ರೇಡಾರ್ ವಿಮಾನವನ್ನು ವಾಯುಪಡೆಗೆ ಕೊಟ್ಟಾಗ ಅದರ ಬೆನ್ನ ಮೇಲೆ ಹಲಗೆಯ ಹಾಗಿದ್ದ ಆ ರೇಡಾರ್ ನೋಡಿ ಬಂದಿದ್ದೆ. ಆ ರೇಡಾರ್‌ಗೆ ಕಂಡಿದ್ದು ಬೇರೆ ವಿಮಾನಗಳಿಗೆ, ಹಡಗಿಗೆ ಹೇಗೆ ಹೋಗುತ್ತೆ, ಎಲ್ಲರೂ ಒಟ್ಟಿಗೆ ಮಾತಾಡಿದರೆ ಏನು ಗತಿ ಅಂತ ಅವತ್ತಿಂದ ತಲೆಯಲ್ಲಿ ಇತ್ತು.

ಶನಿವಾರ ಪಾಠ ಮಾಡಿದವರು ಸೇನೆಯಿಂದ ರಿಟೈರ್ ಆದ ಒಬ್ಬರು. ಸ್ಲೈಡ್ ಗೀಡ್ ಏನಿಲ್ಲ. ಟೇಬಲ್ ಮೇಲೆ 128 ಚೌಕದ ಚಾರ್ಟ್ ಹಾಸಿ, ಗಾಂಧಿ ಬಜಾರ್‌ನಲ್ಲಿ ಸಿಗುತ್ತಲ್ಲ, ಆ ಥರ ಹಣೆಗಿಡೋ ಸ್ಟಿಕ್ಕರ್ ಪ್ಯಾಕೆಟ್‌ಗಳನ್ನು ಕೈಗೆ ಕೊಟ್ಟರು. ನ್ಯಾಟೋ ದೇಶಗಳು ಬಳಸುವ ಲಿಂಕ್ 16 ಅನ್ನೋ ವ್ಯವಸ್ಥೆಯಲ್ಲಿ ಮಾತಾಡೋ ಸಮಯವನ್ನು ಸ್ಲಾಟ್ ಅನ್ನೋ ಚೂರುಗಳಾಗಿ ಹಂಚಿರುತ್ತಾರೆ: 12 ಸೆಕೆಂಡಿಗೆ 1,536 ಸ್ಲಾಟ್, ಅಂದರೆ ಸೆಕೆಂಡಿಗೆ 128. ಚಾರ್ಟ್‌ನ ಒಂದೊಂದು ಚೌಕ ಒಂದೊಂದು ಸ್ಲಾಟ್. ಒಂದೊಂದು ಸ್ಲಾಟ್ ಎಂಟು ಮಿಲಿಸೆಕೆಂಡ್ ಕೂಡ ಇಲ್ಲ. ಒಂದು ಸ್ಲಾಟ್‌ನಲ್ಲಿ ಒಬ್ಬರು ಮಾತಾಡಿದರೆ ಉಳಿದವರು ಕೇಳಿಸಿಕೊಳ್ಳಬೇಕು. ನಾಲ್ಕು ಫೈಟರ್, ಒಂದು ರೇಡಾರ್ ವಿಮಾನ, ಒಂದು ಹಡಗು, ನೆಲದ ಮೇಲೆ ಒಂದು ರೇಡಾರ್. ಈಗ ಹಂಚಿ ಅಂದರು.

ನಮ್ಮ ಟೀಮು ಫೈಟರ್‌ಗೆ ಹಸಿರು ಸ್ಟಿಕ್ಕರ್ ಮೆತ್ತಿದ್ದೇ ಮೆತ್ತಿದ್ದು. ಹೀರೋಗಳಲ್ವಾ! ಅವರು ಬಂದು ನೋಡಿ, ‘ಫೈಟರ್‌ಗೆ ಹೇಳೋದು ಅಷ್ಟೇನಿದೆ? ಜಾಸ್ತಿ ನೋಡ್ತಿರೋದು ರೇಡಾರ್ ವಿಮಾನ. ಬಾಯಿ ಅದಕ್ಕೆ ಕೊಡಿ, ಇವರಿಗೆ ಕಿವಿ ಕೊಡಿ’ ಅಂದರು. ಅರ್ಧ ಸ್ಟಿಕ್ಕರ್ ಕಿತ್ತು ಮತ್ತೆ ಅಂಟಿಸುವಷ್ಟರಲ್ಲಿ ಚಾರ್ಟೆಲ್ಲ ಗೋಂದು.

ಆಮೇಲೆ ಬಂತು ನಿಜವಾದ ತಲೆನೋವು. ಒಬ್ಬರಿಗೆ ಸ್ಲಾಟ್ ಕಾಯಂ ಆಗಿ ಕೊಟ್ಟು, ಅವರು ಸುಮ್ನೆ ಕೂತರೆ ಆ ಸ್ಲಾಟ್ ದಂಡ. ಪಕ್ಕದಲ್ಲಿದ್ದ ಪೀಣ್ಯದ ಫ್ಯಾಕ್ಟರಿಯ ಮೇಡಂ, ‘ಸರ್, ಇದು ನಮ್ಮ ವಾಲ್ವ್‌ಮನ್ ಕಾವೇರಿ ನೀರು ಬಿಟ್ಟ ಹಾಗೇ. ನಮ್ಮ ಕ್ರಾಸ್ ಸರದಿಯಲ್ಲಿ ನಮ್ಮ ಸಂಪ್ ತುಂಬಿದ್ರೂ ಪಕ್ಕದ ಕ್ರಾಸ್‌ನೋರು ಕಾಯ್ಲೇಬೇಕು’ ಅಂದರು. ಸರಿಯಾಗಿ ಹೇಳಿದರು. ಹಾಗಂತ ಯಾರು ಬೇಕಾದರೂ ಮಾತಾಡಿ ಅಂತ ಒಂದಷ್ಟು ಸ್ಲಾಟ್ ಬಿಟ್ಟರೆ, ಇಬ್ಬರು ಒಂದೇ ಸ್ಲಾಟ್ ಹಿಡಿದಾಗ ಹತ್ತಿರದವನ ಮಾತಷ್ಟೇ ಕೇಳಿಸುತ್ತೆ. ಇನ್ನೊಂದು: ಒಂದೇ ವಿಮಾನ ಎರಡು ರೇಡಾರ್‌ಗೆ ಕಂಡರೆ ಇಬ್ಬರೂ ಕೂಗೋ ಹಾಗಿಲ್ಲ. ಯಾರಿಗೆ ಚೆನ್ನಾಗಿ ಕಾಣುತ್ತೋ ಅವರೇ ಹೇಳಬೇಕು, ಇನ್ನೊಬ್ಬರು ಬಾಯಿ ಮುಚ್ಚಿಕೊಂಡಿರಬೇಕು. ಇಲ್ಲದಿದ್ದರೆ ಸ್ಲಾಟೂ ಹಾಳು, ಪರದೆ ಮೇಲೆ ಒಂದು ವಿಮಾನ ಎರಡಾಗಿ ಕಾಣುವ ಅಪಾಯ ಬೇರೆ. ಆಫೀಸಿನಲ್ಲಿ ದಿನಾ ಇದೇ ಥರದ ಕೆಲಸ ಮಾಡಿದರೂ, ಸುಮ್ಮನಿರೋದನ್ನೂ ನಿಯಮ ಮಾಡಿ ಬರೆದಿಟ್ಟಿದ್ದಾರೆ ಅಂತ ನನಗೆ ಹೊಳೆದಿರಲಿಲ್ಲ.

ಭಾನುವಾರ ಬೇರೆ ಮೇಷ್ಟ್ರು. ನಮ್ಮ ದೇಶದ ವ್ಯವಸ್ಥೆಗಳ ಬಗ್ಗೆ ಅಂತ ಬ್ರೋಷರ್‌ನಲ್ಲಿ ಇತ್ತು. ಬಿಇಎಲ್ ಮಾಡಿದ ಸೇನೆಯ ವಾಯುರಕ್ಷಣಾ ವ್ಯವಸ್ಥೆ ಆಕಾಶ್‌ತೀರ್, ವಾಯುಪಡೆಗಾಗಿ 2018ರಲ್ಲಿ ಇಸ್ರೋ ಹಾರಿಸಿದ ಜಿಸ್ಯಾಟ್-7ಎ ಉಪಗ್ರಹ, ಎಲ್ಲ ಪೇಪರಿನಲ್ಲಿ ಬಂದಿದ್ದೇ. ಗುಟ್ಟಿನ ವಿಷಯ ಯಾರೂ ಹೇಳಲ್ಲ, ಒಪ್ಪಿಕೊಳ್ಳೋಣ. ಆದರೆ ‘ಲೈವ್ ಡೆಮೋ’ ಅಂತ ಯಾಕೆ ಹಾಕಬೇಕಿತ್ತು? ಸಿಮ್ಯುಲೇಟರ್ ತೆರೆಯೋಕೆ ವೈಫೈ ಬೇಕಂತೆ, ವೈಫೈ ಇಲ್ಲ. ನೆಟ್‌ವರ್ಕ್ ಕೋರ್ಸ್ ಸ್ವಾಮಿ ಇದು! ಕೊನೆಗೆ ಯಾರದೋ ಮೊಬೈಲ್ ಹಾಟ್‌ಸ್ಪಾಟ್‌ಗೆ ಹನ್ನೆರಡು ಲ್ಯಾಪ್‌ಟಾಪ್ ನೇತು ಬಿದ್ದು, ಒಂದೂ ಓಡಲಿಲ್ಲ. ಊಟ ಆದ ಮೇಲೆ ಒಂದು ಗಂಟೆ ಮುಂದಿನ ಅಡ್ವಾನ್ಸ್ಡ್ ಕೋರ್ಸ್ ಮಾರಾಟ.

ಬಿಸಿಬೇಳೆ ಬಾತ್ ಮಾತ್ರ ಚೆನ್ನಾಗಿತ್ತು. ಪಾರ್ಕಿಂಗ್ ಇಲ್ಲ, ಮೆಟ್ರೋದಲ್ಲಿ ಬನ್ನಿ. ಸರ್ಟಿಫಿಕೇಟ್‌ನಲ್ಲಿ ನನ್ನ ಹೆಸರು ತಪ್ಪಾಗಿದೆ, ಎರಡು ಸಲ ಮೇಲ್ ಹಾಕಿದೆ, ಉತ್ತರ ಇಲ್ಲ.

ಐದಕ್ಕೆ ಮೂರು ಸ್ಟಾರ್, ಮೂರೂ ಶನಿವಾರದ್ದು. ಸೇರೋ ಮುಂಚೆ ಒಂದು ದಿನಕ್ಕಷ್ಟೇ ಫೀಸು ಕಟ್ಟಬಹುದಾ ಅಂತ ಕೇಳಿ ನೋಡಿ. ಹಾಗೇ ಚಾರ್ಟ್ ಮೇಲೆ ಸ್ಟಿಕ್ಕರ್ ಅಂಟಿಸೋ ಮೇಷ್ಟ್ರೇ ಬರ್ತಾರಾ ಅಂತಲೂ ಕೇಳಿ.