ಇಳಕಲ್ ಸೀರೆಯ ಫೋಟೋ: ಸ್ಟುಡಿಯೊ, ಎಲ್‌ಇಡಿ ಲೈಟು, ಎಐ ಆ್ಯಪ್ ಮತ್ತು ಮನೆಯ ಪಡಸಾಲೆ

ಮೊದಲೇ ಹೇಳಿಬಿಡುತ್ತೇನೆ, ಆನ್‌ಲೈನ್‌ನಲ್ಲಿ ಮಾರುವ ಸೀರೆಯ ಫೋಟೋ ತೆಗೆಯಲು ನನ್ನ ಓಟು ಪಡಸಾಲೆಗೆ. ಉತ್ತರಕ್ಕೆ ಮುಖ ಮಾಡಿದ ಪಡಸಾಲೆ, ಬೆಳಗಿನ ನೆರಳು ಬೆಳಕು, ಎರಡು ಥರ್ಮೊಕೋಲ್ ಹಾಳೆ, ಸೀರೆ ಹಾಕಲು ಒಂದು ಬಿದಿರಿನ ಗಳ. ಉಳಿದ ಮೂರು ದಾರಿಗಳಿಗೂ ದುಡ್ಡು ಸುರಿದು ನೋಡಿಯೇ ಈ ಮಾತು ಹೇಳುತ್ತಿದ್ದೇನೆ. ಯಾರಿಗೆ ಯಾವುದು ಹೊಂದುತ್ತದೆ ಅನ್ನುವುದು ಅವರವರ ಮಾಲು, ಮನೆ, ಕಿಸೆ ನೋಡಿಕೊಂಡು.

ಇಳಕಲ್ ಸೀರೆ, ಗುಳೇದಗುಡ್ಡದ ಖಣ (ಜಂಪರಿನ ಬಟ್ಟೆ) ಆನ್‌ಲೈನ್‌ನಲ್ಲಿ ಮಾರುವವರಿಗೆ ಸ್ವಂತ ಫೋಟೋ ಯಾಕೆ ಬೇಕು ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ. ನಮಗೆ ಮಾಲು ಕೊಡುವ ಸಾವುಕಾರರು ವಾಟ್ಸ್‌ಆ್ಯಪ್‌ಗೆ ಕಳಿಸಿದ ಫೋಟೋವನ್ನೇ ಹುಬ್ಬಳ್ಳಿಯವರು, ಬೆಂಗಳೂರಿನವರು, ಪುಣೆಯವರು ಎಲ್ಲರೂ ಹಾಕಿರುತ್ತಾರೆ. ಅದೇ ಹೊಳೆಯುವ ಟೈಲ್ಸ್, ಅದೇ ಪ್ಲಾಸ್ಟಿಕ್ ಹೂವಿನ ಕುಂಡ, ಮೂಲೆಯಲ್ಲಿ ಅರ್ಧ ಅಳಿಸಿದ ಇನ್ಯಾರದೋ ಅಂಗಡಿಯ ಹೆಸರು. ಫೋಟೋ ಒಂದೇ ಆದಮೇಲೆ ಗಿರಾಕಿಗೆ ನೋಡಲು ಉಳಿಯುವುದು ರೇಟು ಮಾತ್ರ. ಐವತ್ತು ರೂಪಾಯಿ ಇಳಿಸಿದವರ ಪಾಲಿಗೆ ಆರ್ಡರು.

ಸ್ಟುಡಿಯೊ ವಿಷಯ ಬೇಗ ಮುಗಿಸುತ್ತೇನೆ. ಚಿತ್ರ ಚೆನ್ನಾಗಿಯೇ ಬರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಮಾಡೆಲ್, ಮೇಕಪ್, ಫೋಟೋಗ್ರಾಫರ್ ಸೇರಿದ ಖರ್ಚು ಒಂದೊಂದು ಸೀರೆಯ ಮೇಲೆ ಹಂಚಿದರೆ ನನ್ನ ಲಾಭದ ಅರ್ಧ ಅಲ್ಲೇ ಹೋಗುತ್ತದೆ. ಕೈಮಗ್ಗದ ಸೀರೆ ಒಂದು ಬಣ್ಣಕ್ಕೆ ಒಂದೋ ಎರಡೋ ಸಿಗುವುದು, ಅದು ಮಾರಿಹೋದರೆ ಫೋಟೋಕ್ಕೂ ಕೆಲಸವಿಲ್ಲ. ಇದಕ್ಕಿಂತ ದೊಡ್ಡ ಗೋಳೆಂದರೆ, ಮಾಡೆಲ್ ಉಟ್ಟು ತೆಗೆದ ಸೀರೆ ಗಳಿಗೆ (ಮೊದಲ ಮಡಿಕೆ) ಮುರಿದ ಸೀರೆ. ಪಿನ್ನಿನ ತೂತು ಒಂದು ಕಂಡರೂ ನಮ್ಮ ಕಡೆಯ ಹೆಣ್ಣುಮಕ್ಕಳು "ಯಾರೋ ಉಟ್ಟದ್ದು ಕೊಟ್ಟಾರ" ಅಂತ ಪೆಟ್ಟಿಗೆ ಸಮೇತ ವಾಪಸ್ ಕಳಿಸುತ್ತಾರೆ. ಅವರದೇನೂ ತಪ್ಪಿಲ್ಲ, ಲಕ್ಷ್ಮಿ ಪೂಜೆಗೆ ತರಿಸಿದ ಸೀರೆ ಅದು.

ಇನ್ನು ಎಲ್‌ಇಡಿ ಲೈಟು. ಬೆಳಕನ್ನು ಮೆತ್ತಗೆ ಮಾಡುವ ಎರಡು ಸಾಫ್ಟ್‌ಬಾಕ್ಸ್, ಎರಡು ಸ್ಟ್ಯಾಂಡ್, ಚೀಲ ಸಮೇತ ಮೂರು ಸಾವಿರದೊಳಗೆ ಸಿಗುವ ಸೆಟ್ ತರಿಸಿದ್ದೆ. ರಾತ್ರಿ ಊಟ ಆದಮೇಲೆ, ಮಕ್ಕಳು ಮಲಗಿದ ಮೇಲೆ ಆರಾಮಾಗಿ ಫೋಟೋ ತೆಗೆಯಬಹುದು ಅನ್ನುವುದೊಂದೇ ಆಸೆ. ಮೊದಲ ಫೋಟೋ ನೋಡಿ ಖುಷಿಯೂ ಆಯಿತು. ನೆರಳು ಮೆತ್ತಗೆ, ಹಿಂಬದಿ ಸ್ವಚ್ಛ. ನವಿಲು ಬಣ್ಣ, ಗಿಳಿ ಹಸಿರು, ಕಪ್ಪು ಚಂದ್ರಕಾಳಿ ಎಲ್ಲ ಕಂಡಂತೆಯೇ ಬಂದವು. ಕೈಕೊಟ್ಟದ್ದು ಕೆಂಪು.

ಇಳಕಲ್ ಸೀರೆಯಲ್ಲಿ ಕೆಂಪು ಕೈಕೊಟ್ಟರೆ ಉಳಿಯುವುದೇನು? ಒಡಲು ಯಾವ ಬಣ್ಣದ್ದೇ ಇರಲಿ, ಟೋಪ್‌ತೆನಿ ಸೆರಗು ಕೆಂಪು. ಕೆಂಪು ರೇಷ್ಮೆಯ ನಡುವೆ ಬಿಳಿಯ ತೆನೆ ಸಾಲಾಗಿ ನಿಂತಿರುತ್ತವೆ, ಸೀರೆ ಗುರುತು ಸಿಗುವುದೇ ಅದರಿಂದ. ಆ ಲೈಟಿನ ಕೆಳಗೆ ಕುಂಕುಮದಂಥ ಕೆಂಪು ಇಟ್ಟಂಗಿ ಬಣ್ಣಕ್ಕೆ ತಿರುಗಿತ್ತು. ಒಬ್ಬ ಗಿರಾಕಿ ಫೋಟೋ ನೋಡಿ ಅದಕ್ಕೆ ಸರಿಹೊಂದುವ ಜಂಪರ್ ಮುಂಚೆಯೇ ಹೊಲಿಸಿ ಇಟ್ಟುಕೊಂಡಿದ್ದರು. ಸೀರೆ ತಲುಪಿದ ದಿನ ಫೋನು: "ಅಕ್ಕಾರ, ಫೋಟೋದಾಗ ಇಟ್ಟಂಗಿ ಇತ್ತು, ಬಂದದ್ದು ಕುಂಕುಮ ಆಗೇತಿ. ಈಗ ಜಂಪರ್ ಏನ್ ಮಾಡ್ಲಿ?" ಬಂದ ಸೀರೆ ಫೋಟೋದಲ್ಲಿದ್ದದ್ದಕ್ಕಿಂತ ಚಂದ ಇದ್ದರೂ ವಾಪಸ್ ಬಂತು. ಹೋಗುವ, ಬರುವ ಕೊರಿಯರ್ ಎರಡೂ ನನ್ನ ಖರ್ಚು.

ಎಡಿಟಿಂಗ್‌ನಲ್ಲಿ ಸರಿಮಾಡೋಣ ಎಂದು ಕುಳಿತರೆ ಇನ್ನೊಂದು ರಗಳೆ. ಕೆಂಪು ಏರಿಸಿದರೆ ಪಕ್ಕದ ಬಿಳಿ ತೆನೆ ಗುಲಾಬಿಯಾಗುತ್ತದೆ. ಬಿಳಿ ಸರಿಮಾಡಿದರೆ ಒಡಲಿನ ಹಸಿರು ಕಳೆಗುಂದುತ್ತದೆ. ಕೆಂಪನ್ನು ಮಾತ್ರ ಆಯ್ದು ತಿದ್ದಿದರೆ ದಡಿಯ (ಅಂಚಿನ) ಕೇಸರಿಯೂ ಅದರ ಜೊತೆ ಓಡುತ್ತದೆ. ಒಂದು ಸೀರೆಗೆ ಅರ್ಧ ತಾಸು ಹೋಗಿ, ಕೊನೆಗೆ ನಿಜವಾದ ಬಣ್ಣ ಯಾವುದು ಎಂದು ನನಗೇ ಅನುಮಾನ ಬಂದು ಕಪಾಟು ತೆರೆದು ಸೀರೆ ನೋಡುವುದು. ಅದನ್ನೂ ಅದೇ ಲೈಟಿನಲ್ಲಿ!

ಕಾರಣ ಗೊತ್ತಾದ ಮೇಲೆ ಸಿಟ್ಟು ಇನ್ನೂ ಹೆಚ್ಚಾಯಿತು. ಬಲ್ಬಿನ ಡಬ್ಬದ ಮೇಲೆ ಸಿಆರ್‌ಐ 80 ಎಂದು ಹೆಮ್ಮೆಯಿಂದ ಬರೆದಿರುತ್ತಾರೆ. ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಎಂಬುದಕ್ಕೆ ಅದೊಂದು ಅಂಕ, ನೂರಕ್ಕೆ ನೂರು ಅಂದರೆ ಹೋಲಿಕೆಗೆ ಹಿಡಿದ ಸಹಜ ಬೆಳಕಿಗೆ ಸಮ. ಆದರೆ ಆ ಅಂಕ ಎಂಟು ಮಾದರಿ ಬಣ್ಣಗಳ ಸರಾಸರಿ, ಆ ಎಂಟೂ ಸಪ್ಪೆ ಬಣ್ಣಗಳು. ಗಾಢ ಕೆಂಪಿಗೆ ಆರ್9 ಅನ್ನುವ ಬೇರೆಯೇ ಅಳತೆ ಇದೆ, ಅದು ಈ ಸರಾಸರಿಯಲ್ಲಿ ಸೇರುವುದಿಲ್ಲ. ಹಾಗಾಗಿ 80 ಬಂದ ಲೈಟಿನ ಆರ್9 ಸೊನ್ನೆಯ ಹತ್ತಿರ ಇದ್ದರೂ ಡಬ್ಬದ ಮೇಲಿನ ಮಾತು ಸುಳ್ಳಾಗುವುದಿಲ್ಲ. ಅಗ್ಗದ ಬಿಳಿ ಎಲ್‌ಇಡಿಯ ಬೆಳಕಿನಲ್ಲಿ ಗಾಢ ಕೆಂಪಿನ ಪಾಲೇ ಕಡಿಮೆ. ಬೆಳಕಿನಲ್ಲೇ ಇಲ್ಲದ ಕೆಂಪನ್ನು ಸೆರಗು ಎಲ್ಲಿಂದ ತಂದು ತೋರಿಸಬೇಕು? ಪಾತ್ರೆ, ಪುಸ್ತಕ, ಮಣ್ಣಿನ ಕುಂಡ ಮಾರುವವರಿಗೆ ಇದು ತಲೆನೋವೇ ಅಲ್ಲ. ಕೆಂಪು ಸೆರಗು ಮಾರುವವರಿಗೆ ಇದೇ ದೊಡ್ಡ ತಲೆನೋವು.

ಇದರ ಮೇಲೆ ಕೋಣೆಯ ಟ್ಯೂಬ್‌ಲೈಟ್ ಉರಿಯುತ್ತಿದ್ದರಂತೂ ಮುಗಿಯಿತು. ಸೀರೆಯ ಒಂದು ಮಗ್ಗಲು ಒಂದು ಬಣ್ಣ, ಇನ್ನೊಂದು ಮಗ್ಗಲು ಇನ್ನೊಂದು.

ಎಐ ಆ್ಯಪ್ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಮಡಿಚಿಟ್ಟ ಸೀರೆಯ ಒಂದು ಫೋಟೋ ಕೊಟ್ಟರೆ ಸಾಕು, ಹಂಪಿಯ ಕಲ್ಲುಮಂಟಪದ ಮುಂದೆ ಸೀರೆ ಉಟ್ಟ ಹೆಣ್ಣುಮಗಳನ್ನು ನಿಲ್ಲಿಸಿಬಿಡುತ್ತದೆ. ದೂರದಿಂದ ಭಲೇ ಅನ್ನಿಸುತ್ತದೆ. ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿ. ಇಳಕಲ್‌ನ ಗೋಮಿ ದಡಿ ಎಲ್ಲೋ ಕಾಂಚೀಪುರದ ಜರಿ ದಡಿಯಾಗಿರುತ್ತದೆ, ಚಿಕ್ಕಿ ಪರಾಸ್ ದಡಿಯ ಚುಕ್ಕೆಗಳು ಒಂದಕ್ಕೊಂದು ಕಲಸಿಹೋಗಿರುತ್ತವೆ. ಸೆರಗಿನ ತೆನೆಗಳಲ್ಲಿ ಕೆಲವು ಕರಗಿ, ಕೆಲವು ಎರಡಾಗಿ ಸೀಳಿರುತ್ತವೆ. ಇಳಕಲ್ ಉಡುವವರು ದಡಿ ನೋಡಿಯೇ ಸೀರೆಯ ಹೆಸರು ಹೇಳುವವರು, ಅವರ ಮುಂದೆ ಈ ಆಟ ನಡೆಯುವುದಿಲ್ಲ. ನಡೆದರೂ ಲಾಭವಿಲ್ಲ. 2020ರ ಗ್ರಾಹಕ ರಕ್ಷಣೆ (ಇ-ಕಾಮರ್ಸ್) ನಿಯಮಗಳಂತೆ, ಜಾಹೀರಾತಿನಲ್ಲಿ ತೋರಿಸಿದ ಲಕ್ಷಣಗಳಿಲ್ಲದ ಮಾಲನ್ನು ಮಾರಾಟಗಾರರು ವಾಪಸ್ ತೆಗೆದುಕೊಳ್ಳುವುದಿಲ್ಲ ಎನ್ನುವಂತಿಲ್ಲ. ಆ್ಯಪನ್ನು ನಾನು ಒಂದೇ ಕೆಲಸಕ್ಕೆ ಇಟ್ಟುಕೊಂಡಿದ್ದೇನೆ, ಹಿಂಬದಿ ಅಳಿಸಿ ಬಿಳಿ ಮಾಡುವುದಕ್ಕೆ. ಅಮೆಜಾನ್‌ನಂಥ ಕಡೆ ಮೊದಲ ಚಿತ್ರಕ್ಕೆ ಅಪ್ಪಟ ಬಿಳಿ ಹಿಂಬದಿ ಬೇಕು, ಚೌಕಟ್ಟಿನ ಶೇ 85ರಷ್ಟನ್ನು ಮಾಲೇ ತುಂಬಿರಬೇಕು, ಮೇಲೆ ಬರಹ, ಲೋಗೊ ಕೂಡದು. ಅಲ್ಲಿ ಎಲ್ಲರ ಮೊದಲ ಚಿತ್ರವೂ ಒಂದೇ ಥರ. ಬೇರೆಯಾಗಿ ಕಾಣುವ ಆಟವೆಲ್ಲ ಎರಡನೆಯ ಚಿತ್ರದಿಂದ ಶುರು.

ಈಗ ಪಡಸಾಲೆ. ಬೆಳಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ, ನೇರ ಬಿಸಿಲು ಬೀಳದ ಜಾಗ. ಮನೆಯೊಳಗಿನ ಲೈಟು ಎಲ್ಲ ಆರಿಸಿಬಿಡಬೇಕು. ಗಳದ ಮೇಲೆ ಸೀರೆ ಇಳಿಬಿಟ್ಟು, ಬೆಳಕು ಒಂದು ಮಗ್ಗಲಿಂದ ಬರುವಂತೆ ನಿಲ್ಲಬೇಕು, ಬೆಳಕು ತಿರುಗಿ ಸೀರೆಯ ಮೇಲೆ ಬೀಳಲು ಎದುರು ಮಗ್ಗಲಿಗೆ ಥರ್ಮೊಕೋಲ್ ಹಾಳೆ. ಮುಂದಿನಿಂದ ಬೆಳಕು ಬಿದ್ದರೆ ಸೀರೆ ಬಣ್ಣ ಬಳಿದ ಗೋಡೆಯ ಹಾಗೆ ಸಪಾಟಾಗುತ್ತದೆ, ಮಗ್ಗಲಿಂದ ಬಿದ್ದರೆ ನೂಲು ನೂಲು ಎದ್ದು ಕಾಣುತ್ತದೆ. ಎದುರುಮನೆಯವರು ಗೋಡೆಗೆ ಗಿಣಿಹಸಿರು ಬಣ್ಣ ಹೊಡೆಸಿದಾಗ ನಮ್ಮ ಬಿಳಿ ತೆನೆಗಳಿಗೆಲ್ಲ ಹಸಿರು ಛಾಯೆ ಬರತೊಡಗಿತು. ಅವರಿಗೆ ಹೇಳಲಾದೀತೇ? ನಾನೇ ಕಟಾಂಜನಕ್ಕೆ ಬಿಳಿ ಹಾಸಿಗೆ ಬಟ್ಟೆ ಕಟ್ಟಿದೆ.

ಫೋನಿನಲ್ಲಿ ನಾನು ಮುಟ್ಟುವುದು ಮೂರೇ ಸಂಗತಿ. ಕ್ಯಾಮೆರಾದ ಪ್ರೊ ಮೋಡ್‌ಗೆ ಹೋಗಿ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವುದು) ಒಂದು ಕಡೆ ನಿಲ್ಲಿಸುತ್ತೇನೆ, ಇಲ್ಲದಿದ್ದರೆ ಹಸಿರು ಸೀರೆಗೊಂದು, ಕೆಂಪು ಸೀರೆಗೊಂದು ಎಂದು ಫೋನೇ ಬದಲಿಸುತ್ತ ಹೋಗುತ್ತದೆ. ಎಕ್ಸ್‌ಪೋಶರ್, ಅಂದರೆ ಫೋಟೋಕ್ಕೆ ಸೇರುವ ಬೆಳಕು, ಸ್ವಲ್ಪ ಇಳಿಸುತ್ತೇನೆ, ಯಾಕೆಂದರೆ ಗಾಢ ಕೆಂಪು ಬೇಗ ತುಂಬಿ ಹೋಗಿ ನೇಯ್ಗೆಯೇ ಕಾಣದ ಮುದ್ದೆಯಾಗುತ್ತದೆ. ಮತ್ತೆ, ಹತ್ತಿರ ಹೋಗದೆ ನಾಲ್ಕು ಹೆಜ್ಜೆ ಹಿಂದೆ ಸರಿದು ಎರಡು ಪಟ್ಟು ಝೂಮ್‌ನಲ್ಲಿ ತೆಗೆಯುತ್ತೇನೆ, ದಡಿ ಸೊಟ್ಟಗಾಗುವುದಿಲ್ಲ. ಸಣ್ಣ ಚೌಕಡಿ ಸೀರೆಯಲ್ಲಿ ಇಲ್ಲದ ಅಲೆಗಳು ಫೋಟೋದಲ್ಲಿ ಕಂಡರೆ ಒಂದು ಹೆಜ್ಜೆ ಹಿಂದೆ ಮುಂದೆ ಆಗಬೇಕು, ಅಷ್ಟೇ.

ಹಿಂಬದಿಗೆ ಹಿತ್ತಾಳೆ ದೀಪದ ಸಮೆ, ಮಲ್ಲಿಗೆ ದಂಡೆ, ಹಳೇ ಬಾಗಿಲು ಎಲ್ಲ ಈಗ ಎಲ್ಲರ ಪೇಜಿನಲ್ಲೂ ಇವೆ. ನಮ್ಮ ಪಡಸಾಲೆಗೆ ಹಾಸಿದ್ದು ಶಹಾಬಾದ್ ಫರಸಿ ಕಲ್ಲು. ಮಾಸಲು ಬೂದು ಬಣ್ಣ, ಹೊಳಪಿಲ್ಲ. ಯಾವ ಬಣ್ಣದ ಸೀರೆ ಹರವಿದರೂ ಜಗಳ ತೆಗೆಯುವುದಿಲ್ಲ, ಬಣ್ಣ ಸರಿಹೊಂದಿಸುವಾಗ ಬೂದುಬಣ್ಣದ ಆಧಾರವಾಗಿಯೂ ಒದಗುತ್ತದೆ. ಈಗೀಗ ಹೆಸರು ಓದದೆ, ಫರಸಿ ನೋಡಿಯೇ ನಮ್ಮ ಅಂಗಡಿ ಎಂದು ಗುರುತಿಸುವವರಿದ್ದಾರೆ.

ಸ್ಟುಡಿಯೊದವರೂ ಆ್ಯಪಿನವರೂ ತೆಗೆಯದ ಎರಡು ಚಿತ್ರಗಳನ್ನು ನಾನು ತಪ್ಪದೆ ಹಾಕುತ್ತೇನೆ. ಒಂದು ಕೊಂಡಿಯದು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದಕ್ಕೆ ಹೂಡುವ ನೂಲು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಹೀಗಾಗಿಯೇ ಒಂದೊಂದು ಸೀರೆಗೂ ಹಾಸು ಬೇರೆ ಹೂಡಬೇಕು. ಒಡಲು ಮುಗಿದು ಸೆರಗು ಶುರುವಾಗುವ ಆ ಗೆರೆಯ ಹತ್ತಿರ ಫೋನು ಹಿಡಿದು, ಮಗ್ಗಲ ಬೆಳಕಿನಲ್ಲಿ ತೆಗೆದರೆ ಕುಣಿಕೆ ಕುಣಿಕೆಯಾಗಿ ಕೂಡಿದ್ದು ಕಾಣುತ್ತದೆ. ಪ್ರಿಂಟ್ ಹೊಡೆದ ಇಳಕಲ್ ಮಾದರಿ ಸೀರೆಯಲ್ಲಿ ಇದು ಇರುವುದೇ ಇಲ್ಲ. ಅರ್ಧ ಬೆಲೆಗೆ ಅದನ್ನು ಮಾರುವವರ ಎದುರು ನಾನು ವಾದ ಮಾಡುವುದು ಬಿಟ್ಟು ಗಿರಾಕಿಗೆ ಈ ಚಿತ್ರ ಕಳಿಸುತ್ತೇನೆ.

ಇನ್ನೊಂದು ಕಸೂತಿಯ ಬೆನ್ನು. ಕೈ ಕಸೂತಿಯಲ್ಲಿ ಗಂಟು ಹಾಕುವುದಿಲ್ಲ. ಗವಂತಿ, ಮುರಗಿ ಹೊಲಿಗೆಯಾದರೆ ಮುಂದೆ ಹೇಗೋ ಹಿಂದೆಯೂ ಹಾಗೆಯೇ ಕಾಣುತ್ತದೆ. ಮಶೀನಿನದ್ದು ತಿರುಗಿಸಿದರೆ ಕೆಳದಾರದ ಗೋಜಲು. ಗೋಪುರ, ತೇರು, ಆನೆ ಅಂಬಾರಿ ಮುಂದಿನಿಂದ ಎಲ್ಲರೂ ತೋರಿಸುತ್ತಾರೆ. ನಾನು ಸೆರಗಿನ ತುದಿ ಮಡಿಚಿ ಮುಂದು ಹಿಂದು ಎರಡೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ತೆಗೆಯುತ್ತೇನೆ. ಕಸೂತಿ ಸೀರೆ ವಿಚಾರಿಸುವವರು "ಕೈಲೇ ಹಾಕಿದ್ದಾ?" ಎಂದು ಕೇಳುವುದು ಇದರಿಂದ ಹೆಚ್ಚುಕಡಿಮೆ ನಿಂತುಹೋಗಿದೆ. ರೇಟು ಇಳಿಸಿರಿ ಎನ್ನುವುದು ಮಾತ್ರ ನಿಂತಿಲ್ಲ.

ಪಡಸಾಲೆಗೂ ಕೊರತೆ ಇದೆ. ಸಂಜೆ ಆರ್ಡರಿನವರು ಈಗಲೇ ಬೇರೆ ಫೋಟೋ ಕಳಿಸಿ ಎಂದರೆ ನಾಳೆ ಎನ್ನಬೇಕು. ಆಷಾಢದ ಮೋಡ ಬೆಳಕನ್ನು ಇನ್ನಷ್ಟು ಮೆತ್ತಗೆ ಮಾಡುತ್ತದೆ, ಅದು ಒಳ್ಳೆಯದೇ; ಜಡಿಮಳೆ ಹಿಡಿದರೆ ಕೆಲಸ ಬಂದ್. ಗಾಳಿಗೆ ಥರ್ಮೊಕೋಲ್ ಹಾರಿಹೋಗುತ್ತದೆ, ಇಟ್ಟಂಗಿ ಒರಗಿಸಬೇಕು.

ಕಳಿಸುವಾಗಿನ ಮಾತೂ ಒಂದಿದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಕುಗ್ಗುತ್ತದೆ, ಕೊಂಡಿಯ ಚಿತ್ರ ಕುಗ್ಗಿದರೆ ನೋಡಲು ಏನೂ ಇರುವುದಿಲ್ಲ. ಡಾಕ್ಯುಮೆಂಟ್ ಎಂದು ಕಳಿಸಿ. ಕೆಂಪು ಸೀರೆಯ ಚಿತ್ರವನ್ನು ಹಾಕುವ ಮುಂಚೆ ಮನೆಯಲ್ಲಿರುವ ಹಳೇ ಅಗ್ಗದ ಫೋನಿನಲ್ಲೂ ಒಮ್ಮೆ ನೋಡಿ, ಹೊಸ ಫೋನುಗಳ ಪರದೆ ಬಣ್ಣವನ್ನು ಏರಿಸಿ ತೋರಿಸುತ್ತದೆ.

ಮೂರು ಸಾವಿರ ಇದೆ, ಏನು ಕೊಳ್ಳಲಿ ಎಂದು ಕೇಳಿದರೆ ನಾನು ಬಟ್ಟೆಯ ಸ್ಟೀಮರ್ ಎನ್ನುತ್ತೇನೆ. ಮಡಿಕೆಯ ಗೆರೆ ಯಾವ ಬೆಳಕಿನಲ್ಲೂ ಹೋಗುವುದಿಲ್ಲ, ಆವಿಗೆ ಹೋಗುತ್ತದೆ; ಹತ್ತಿ ಒಡಲಿಗೆ ಧಾರಾಳ ಹಿಡಿಯಿರಿ, ಸೆರಗಿಗೆ ದೂರದಿಂದ. ಒಂದೇ ಬಣ್ಣದ ಮಾಲು ಗಂಟುಗಟ್ಟಲೆ ತರಿಸುವವರಾದರೆ ಸ್ಟುಡಿಯೊಕ್ಕೆ ಹೋಗಿ, ಹಾಕಿದ ಖರ್ಚು ವಾಪಸ್ ಹುಟ್ಟುತ್ತದೆ. ಹಗಲು ನೌಕರಿ ಮಾಡಿ ರಾತ್ರಿಯಷ್ಟೇ ಬಿಡುವಿರುವವರು ಲೈಟಿನ ಸೆಟ್ ಕೊಳ್ಳಲೇಬೇಕು. ಆದರೆ ಅದರೊಳಗಿನ ಬಲ್ಬು ತೆಗೆದಿಟ್ಟು, ಸಿಆರ್‌ಐ 95ರ ಮೇಲಿರುವ, ಆರ್9 ಅಂಕವನ್ನೂ ಬರೆದಿರುವ ಬಲ್ಬು ಹಾಕಿ. ಆರ್9 ಎಷ್ಟು ಎಂದು ಕೇಳಿದಾಗ ಅಂಗಡಿಯವರು ಮುಖ ಮುಖ ನೋಡಿದರೆ ಬೇರೆ ಅಂಗಡಿ ನೋಡಿಕೊಳ್ಳಿ.