ಮಿಷನ್ ಗೆಸ್ಟ್‌ಹೌಸ್‌ನಲ್ಲಿ ಕ್ರಿಸ್‌ಮಸ್, ಫಿಲಿಪ್ಪೀನ್ಸ್

ನಮ್ಮ ಚಿಕ್ಕಮ್ಮ ಪಂಪಾಂಗಾದಲ್ಲಿ ಮಿಷನ್ ಸಿಸ್ಟರ್, ಅವರನ್ನ ನೋಡೋಕೆ ಡಿಸೆಂಬರ್‌ನಲ್ಲಿ ಹೋಗಿ ಮಿಷನ್ನಿನವರ ಗೆಸ್ಟ್‌ಹೌಸ್‌ನಲ್ಲೇ ಇದ್ವಿ. ರೂಮು ಸಣ್ಣದು, ಕ್ಲೀನಾಗಿದೆ, ಎಸಿ ಇಲ್ಲ. ಎರಡು ದಿನ ಬೆಳಿಗ್ಗೆ ನಲ್ಲೀಲಿ ನೀರೇ ಬರ್ಲಿಲ್ಲ, ಮೊದಲೇ ಹೇಳಿದ್ರೆ ಬಕೆಟ್ ತುಂಬಿಟ್ಕೋತಿದ್ವಿ, ಅದೊಂದು ಬೇಜಾರು.

ಆದ್ರೆ ಸಿಂಬಾಂಗ್ ಗಾಬಿ ಮಾತ್ರ ಮರೆಯೋಕಾಗಲ್ಲ! ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ದಿನ ಬೆಳಕು ಹರಿಯೋ ಮುಂಚೆ ಪೂಜೆ, ಅಡುಗೆ ಮಾಡೋ ಅಮ್ಮ ಮೂರೂವರೆಗೇ ಬಾಗಿಲು ತಟ್ಟಿ ಎಬ್ಬಿಸಿ ಟಾರ್ಚ್ ಹಿಡ್ಕೊಂಡು ಕರ್ಕೊಂಡು ಹೋಗೋರು. ಚರ್ಚ್ ಹೊರಗೆ ಬಿಬಿಂಕಾ ಮಾರ್ತಾರೆ, ಅಕ್ಕಿಹಿಟ್ಟಿಗೆ ತೆಂಗಿನಹಾಲು ಕಲಸಿ ಬಾಳೆಎಲೆ ಮೇಲೆ ಹುಯ್ದು ಕೆಳಗೂ ಕೆಂಡ ಮೇಲೂ ಕೆಂಡ ಇಟ್ಟು ಬೇಯಿಸೋದು, ಆ ಎಲೆ ಸುಟ್ಟ ಘಮ ಇನ್ನೂ ಮೂಗಲ್ಲೇ ಇದೆ.

24ರ ಮಧ್ಯರಾತ್ರಿ ನೋಚೆ ಬುಯೆನಾ ಊಟಕ್ಕೆ ನಮ್ಮನ್ನೂ ಮನೆಯವರ ಥರ ಕೂರಿಸಿ ಬಡಿಸಿದ್ರು, ಚಿಕ್ಕಮ್ಮ ನನ್ನ ಕೈ ಬಿಡ್ಲೇ ಇಲ್ಲ, ಮನೆಯವರ ಜೊತೆ ಕ್ರಿಸ್‌ಮಸ್ ಮಾಡಿ ಹನ್ನೊಂದು ವರ್ಷ ಆಗಿತ್ತಂತೆ.

ಪಂಪಾಂಗಾದಲ್ಲೇ ಇರೋ ಸ್ಯಾನ್ ಫರ್ನಾಂಡೋದ ದೈತ್ಯ ಪರೋಲ್, ಅಂದ್ರೆ ನಕ್ಷತ್ರದೀಪಗಳ ಹಬ್ಬ ತಪ್ಪಿಸ್ಬೇಡಿ, ಒಂದೊಂದು ದೀಪದಲ್ಲೂ ಸಾವಿರಾರು ಬಲ್ಬು! ರೂಮು ಬೇಗ ಬುಕ್ ಮಾಡಿ, ಸೊಳ್ಳೆಪರದೆ ತಗೊಂಡೋಗಿ.