ಶಿರಸಿಯ ರೇಡಿಯೊ ರಿಪೇರಿ ಅಂಗಡಿ: ಮಕ್ಕಳನ್ನೂ ಕರೆದುಕೊಂಡು ಹೋಗಿ

ಶಿರಸಿ ಪೇಟೆಯ ಓಣಿಯೊಂದರಲ್ಲಿರುವ ಈ ಅಂಗಡಿಗೆ ಬೋರ್ಡ್ ಇಲ್ಲ. ಒಳಗೆ ಮಾಡಿನ ತನಕ ಹಳೇ ಟೇಪ್‌ರೆಕಾರ್ಡರು, ಮಿಕ್ಸರು, ಫ್ಯಾನ್ ಮೋಟರು. ನಾನು ಮೊದಲ ಸಲ ಇಲ್ಲಿಗೆ ಬಂದದ್ದು 1994ರ ಮಳೆಗಾಲದಲ್ಲಿ, ಅಳುತ್ತ. ಅಪ್ಪ ದಿನಾ ಬೆಳಿಗ್ಗೆ ಧಾರವಾಡದ ವಾರ್ತೆ ಕೇಳುತ್ತಿದ್ದ ದೊಡ್ಡ ಟ್ರಾನ್ಸಿಸ್ಟರನ್ನು ಬಿಚ್ಚಿ, ಸ್ಟೇಷನ್ ತೋರಿಸುವ ಮುಳ್ಳನ್ನು ಸರಿಸುವ ಡಯಲ್ ದಾರ ಹರಿದು ಹಾಕಿದ್ದೆ. ಆಗ ಒಂಬತ್ತು ವರ್ಷ ನನಗೆ.

ಅಂಗಡಿಯವರು ಬೈಯಲಿಲ್ಲ. "ಎಂತ ಆಜು ನೋಡ್ವ, ಬಾ ತಮಾ" ಎಂದು ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡರು. ಹೊಸ ದಾರವನ್ನು ಪುಟ್ಟ ರಾಟೆಗಳ ಮೇಲೆ ಹಾಯಿಸಿ, ತುದಿಯನ್ನು ಸ್ಪ್ರಿಂಗಿಗೆ ಸಿಕ್ಕಿಸುವ ಕೆಲಸ ನನ್ನ ಕೈಯಲ್ಲೇ ಮಾಡಿಸಿದರು. ಗುಂಡಿ ತಿರುಗಿಸಿದರೆ, ಸ್ಟೇಷನ್ ಹಿಡಿಯುವ ಭಾಗವಾದ ಗ್ಯಾಂಗ್ ಕಂಡೆನ್ಸರಿನ ತೆಳು ತಗಡುಗಳು ಒಂದಕ್ಕೊಂದು ತಾಗದೆ ಎಡೆಯಲ್ಲಿ ಸರಿಯುತ್ತಿದ್ದವು. ಹೆಚ್ಚು ಒಳಗೆ ಹೋದಷ್ಟೂ ಕಡಿಮೆ ಕಿಲೋಹರ್ಟ್ಸಿನ ಸ್ಟೇಷನ್. 765ರ ಹತ್ತಿರ ಮುಳ್ಳು ಬಂತು, ಧಾರವಾಡ ಮಾತಾಡಿತು! ಮುಂದೆ ಹುಬ್ಬಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಓದುವಾಗ ರೇಡಿಯೊ ಬೇಕಾದ ಸ್ಟೇಷನ್ನನ್ನಷ್ಟೇ ಆರಿಸಿ ಹಿಡಿಯಲು ಕಾರಣವಾದ ರೆಸೊನೆನ್ಸ್ ಪಾಠ ಬಂದ ದಿನ ನನ್ನ ಕಣ್ಣಿಗೆ ಕಟ್ಟಿದ್ದು ಆ ತಗಡುಗಳೇ. ನಾನು ಇಂಜಿನಿಯರ್ ಆದದ್ದು ಆ ಸ್ಟೂಲಿನ ಮೇಲೆ ಕೂತಿದ್ದರಿಂದ.

ಕಳೆದ ತಿಂಗಳು ಅದೇ ರೇಡಿಯೊ, ಜೊತೆಗೆ ನನ್ನ ಮಗಳು. ವಾಲ್ಯೂಮ್ ತಿರುಗಿಸಿದರೆ ಗೊರಗೊರ, ಸೆಲ್ ಕೂರುವ ಜಾಗದಲ್ಲಿ ಹಸಿರು ಕಿಲುಬು. ವಾಲ್ಯೂಮ್ ಕಂಟ್ರೋಲ್ ಒರೆಸಿ, ಒಳಗಿನ ದ್ರವ ಒಣಗಿಹೋಗಿದ್ದ ಬೇರೆ ಎರಡು ಕಂಡೆನ್ಸರ್ ಬದಲಾಯಿಸಿದರು. 280 ರೂಪಾಯಿ. ಕಿತ್ತ ಬಿಡಿಭಾಗಗಳನ್ನೂ ಕೊಟ್ಟರು. ಹೊಸದು ಹಾಕಿದ್ದು ಹೌದೋ ಅಲ್ಲವೋ ಎಂಬ ಅನುಮಾನಕ್ಕೇ ಜಾಗವಿಲ್ಲ. ಸೆಲ್ಲಿನ ಸಾಮಾನಾದರೆ ಮಕ್ಕಳಿಗೆ ಮುಟ್ಟಲು ಬಿಡುತ್ತಾರೆ, ಕರೆಂಟಿನದ್ದಾದರೆ ದೂರ ನಿಲ್ಲಿಸುತ್ತಾರೆ. ಈ ಎಚ್ಚರ ನನಗೆ ಬಹಳ ಹಿಡಿಸಿತು.

ಒಂದೇ ತಕರಾರು: ನಾಡಿದ್ದು ಬನ್ನಿ ಅಂದರೆ ವಾರ ಹಿಡಿಯುತ್ತದೆ. ಎರಡು ಸಲ ಬರಿಗೈಲಿ ವಾಪಸು ಬಂದೆ. ಹಳ್ಳಿಯಿಂದ ಬಸ್ಸಿಗೆ ಬರುವವರಿಗೆ ಇದು ನಿಜಕ್ಕೂ ಕಷ್ಟ. ಫೋನ್ ಎತ್ತಿ ಆಗಿಲ್ಲ ಅಂತಲಾದರೂ ಹೇಳಬೇಕಿತ್ತು.

ಹೊರಡುವಾಗ ಡಬ್ಬಿ ತಡಕಿ ಹಳೇ ಗ್ಯಾಂಗ್ ಕಂಡೆನ್ಸರ್ ಒಂದನ್ನು ಮಗಳ ಕೈಗಿಟ್ಟು, "ತಿರುಗ್ಸಿ ನೋಡು ತಂಗಿ" ಅಂದರು. ಮನೆ ಮುಟ್ಟುವ ತನಕ ಬಸ್ಸಿನಲ್ಲಿ ಅದನ್ನೇ ತಿರುಗಿಸುತ್ತ, ತಗಡು ಎಣಿಸುತ್ತ ಕೂತಿದ್ದಳು.